ಕರೆಯದ ದನಕ್ಕೆ ಮೇವೆಷ್ಟು?

ನಮ್ಮ ಮೂರು ತಾಲೂಕುಗಳ ಕೊಟ್ಟಿಗೆಗಳಲ್ಲಿ ಹಿಂಡಿ ಚೀಲದ ಬಾಯಿ ಬಿಚ್ಚುವುದು ಕರೆಯುವ ಹಸುವಿಗಾಗಿ ಮಾತ್ರ. ಹಾಲು ಬತ್ತಿದ ದಿನದಿಂದ ಅದೇ ಹಸುವಿಗೆ ಒಣಹುಲ್ಲು, ಅಕ್ಕಚ್ಚು. ಕಡಸಿಗೆ ಅದೂ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೋರಿಗರುವಿನ ಸುದ್ದಿಯನ್ನಂತೂ ಕೇಳುವವರೇ ಇಲ್ಲ. ಡೈರಿಗೆ ಹಾಕಿದ ಹಾಲಿನ ಹಣ ವಾರಕ್ಕೋ ಹದಿನೈದು ದಿನಕ್ಕೋ ಕೈಗೆ ಬರುವುದರಿಂದ ಹಾಲು ಕೊಡುವ ಬಾಯಿಗೆ ಮೊದಲು ಹಾಕುವುದು ಮನುಷ್ಯ ಸಹಜ. ಆದರೆ ಈ ಪದ್ಧತಿಯಿಂದ ನಮಗಾಗುತ್ತಿರುವ ನಷ್ಟವನ್ನು ಯಾರೂ ಬರೆದಿಡುವುದಿಲ್ಲವಾದ್ದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಮೈ ಹಿಡಿಯಬೇಕಾದದ್ದು ಕರೆಯದ ದನ. ಅದಕ್ಕೆ ಬೇಕಾದ ಮೇವಿನ ಬಹುಪಾಲು ನಮ್ಮ ತೋಟದಲ್ಲೇ ಬಿದ್ದು ಕೊಳೆಯುತ್ತಿದೆ. ಸದಸ್ಯ ಬಾಂಧವರ ಮುಂದೆ ಇಡಬೇಕೆಂದಿರುವುದು ಇಷ್ಟೇ.

ದನಕ್ಕೆ ಮೈ ಹಿಡಿಸುವ ವಿದ್ಯೆ ಶಾಸ್ತ್ರವಾಗಿ ಬೆಳೆದದ್ದು ಮಾಂಸಕ್ಕಾಗಿ ದನ ಸಾಕುವ ದೇಶಗಳಲ್ಲಿ. ಅಮೆರಿಕದಲ್ಲಿ ಹುಲ್ಲುಗಾವಲಿನಲ್ಲಿ ಬೆಳೆದ ಹೋರಿಗಳನ್ನು ಕೊನೆಯ ನಾಲ್ಕಾರು ತಿಂಗಳು ದೊಡ್ಡಿಯಲ್ಲಿ ಕೂಡಿ ಮೆಕ್ಕೆಜೋಳ ತಿನ್ನಿಸುತ್ತಾರೆ. ದಿನಕ್ಕೆ ಒಂದೂಕಾಲು ಒಂದೂವರೆ ಕಿಲೋ ತೂಕ ಏರುತ್ತದೆ. ಒಂದು ಕಿಲೋ ಏರಲು ಆರೇಳು ಕಿಲೋ ಆಹಾರ ಬೇಕು. ನಮ್ಮ ರಾಜ್ಯದಲ್ಲಿ ಆ ದಾರಿ ಇಲ್ಲ. 1964ರ ಕಾಯಿದೆಯಲ್ಲಿ ವಯಸ್ಸಾದ ಎತ್ತು ಎಮ್ಮೆಗಳಿಗೆ ಇದ್ದ ಅವಕಾಶ 2020ರ ಕಾಯಿದೆಯಲ್ಲಿ ಎಮ್ಮೆ ಕೋಣಗಳಿಗೆ, ಅದೂ 13 ವರ್ಷ ತುಂಬಿದವಕ್ಕೆ ಮಾತ್ರ ಉಳಿಯಿತು. ಆಕಳು, ಕರು, ಹೋರಿ, ಎತ್ತು ಯಾವುದಕ್ಕೂ ಉಳಿಯಲಿಲ್ಲ. ಅದರ ಸರಿತಪ್ಪಿನ ಚರ್ಚೆಗೆ ಈ ಪುಟ ಜಾಗವಲ್ಲ. ಆದರೆ ಆ ದೇಶಗಳು ನೂರು ವರ್ಷ ಹಣ ಸುರಿದು ಕಲಿತ ಕೆಲವು ಸಂಗತಿಗಳು ನಮ್ಮ ಕಡಸಿಗೂ ಬತ್ತಿದ ಹಸುವಿಗೂ ಹಾಗೆಯೇ ಅನ್ವಯಿಸುತ್ತವೆ. ಹೊಟ್ಟೆ ಯಾವ ದೇಶದ ದನದ್ದಾದರೂ ಒಂದೇ.

ಮೊದಲು ಕಡಸಿನ ಲೆಕ್ಕ ನೋಡೋಣ. ಕಡಸು ಬೆದೆಗೆ ಬರುವುದು ವಯಸ್ಸು ನೋಡಿಯಲ್ಲ, ತೂಕ ನೋಡಿ. ಮಿಶ್ರತಳಿಯ ಕಡಸು ಸುಮಾರು 250 ಕಿಲೋ ಮುಟ್ಟಿದಾಗ ಗಬ್ಬಕ್ಕೆ ಯೋಗ್ಯವೆಂದು ಇಟ್ಟುಕೊಳ್ಳಿ. ಜರ್ಸಿಗೆ ಕೊಂಚ ಕಡಿಮೆ, ಎಚ್.ಎಫ್.ಗೆ ಕೊಂಚ ಹೆಚ್ಚು. ಹುಟ್ಟಿದಾಗ 25 ಕಿಲೋ ಇದ್ದ ಕರು ದಿನಕ್ಕೆ ಅರ್ಧ ಕಿಲೋದಂತೆ ಬೆಳೆದರೆ 450 ದಿನಕ್ಕೆ, ಅಂದರೆ 15 ತಿಂಗಳಿಗೆ ಆ ತೂಕ ಮುಟ್ಟುತ್ತದೆ. ದಿನಕ್ಕೆ 200 ಗ್ರಾಂ ಬೆಳೆದರೆ 1125 ದಿನ ಬೇಕು, ಮೂರು ವರ್ಷದ ಮೇಲೊಂದು ತಿಂಗಳು. ಒಂಬತ್ತು ತಿಂಗಳ ಗಬ್ಬ ಸೇರಿಸಿದರೆ ಒಂದು ಕಡಸು ಎರಡನೆಯ ವರ್ಷದ ಕೊನೆಗೆ ಕರು ಹಾಕುತ್ತದೆ, ಇನ್ನೊಂದು ನಾಲ್ಕನೆಯ ವರ್ಷದ ಕೊನೆಗೆ. ನಮ್ಮ ಊರುಗಳಲ್ಲಿ "ಕಡಸು ನಿಲ್ಲುತ್ತಲೇ ಇಲ್ಲ ಮಾರಾಯ್ರೇ" ಎಂದು ಡಾಕ್ಟರನ್ನು ಕರೆಸುವ ಎಷ್ಟೋ ಮನೆಗಳಲ್ಲಿ ತೊಂದರೆ ಇರುವುದು ಗರ್ಭಕೋಶದಲ್ಲಲ್ಲ, ಗೋದಲಿಯಲ್ಲಿ.

ದಿನಕ್ಕೊಂದು ಕಿಲೋ ಹಿಂಡಿಯಂತೆ 15 ತಿಂಗಳಿಗೆ 450 ಕಿಲೋ, 50 ಕಿಲೋದ ಒಂಬತ್ತು ಚೀಲ. ಅಷ್ಟು ಖರ್ಚಿಗೆ ಹೆದರಿ ನಾವು 22 ತಿಂಗಳು ಹೆಚ್ಚಿಗೆ ದನ ಕಟ್ಟಿ ಸಾಕುತ್ತೇವೆ, ಜೊತೆಗೆ ಒಂದು ಕರಾವಿನ ಹಾಲನ್ನೂ ಕಳೆದುಕೊಳ್ಳುತ್ತೇವೆ. ಅಡಿಕೆ ಮಂಡಿಯಲ್ಲಿ ಕ್ವಿಂಟಲಿಗೆ ನೂರು ರೂಪಾಯಿ ವ್ಯತ್ಯಾಸಕ್ಕೆ ಎರಡು ದಿನ ಕಾಯುವ ನಾವು ಇಲ್ಲಿ ಮಾತ್ರ ಹೇಗೆ ಉದಾರಿಗಳಾದೆವೋ ತಿಳಿಯದು.

ತೂಕ ನೋಡಲು ತಕ್ಕಡಿ ಬೇಕಿಲ್ಲ. ದರ್ಜಿಯವರ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ತೆಗೆಯಿರಿ. ಹೆಗಲಿನ ಮುಂಮೂಲೆಯಿಂದ ಬಾಲದ ಬುಡದ ಪಕ್ಕದ ಎಲುಬಿನವರೆಗೆ ಉದ್ದ ತೆಗೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ತೂಕ ಕಿಲೋದಲ್ಲಿ ಸಿಗುತ್ತದೆ. ಸುತ್ತಳತೆ 45 ಇಂಚು, ಉದ್ದ 36 ಇಂಚು ಇರುವ ಗಿಡ್ಡ ತಳಿಯ ಹಸು 110 ಕಿಲೋ ತೂಗುತ್ತದೆ. ಇದು ಅಂದಾಜಿನ ಲೆಕ್ಕ, ಐದಾರು ಕಿಲೋ ಆಚೀಚೆ ಆಗಬಹುದು. ಆದರೆ ತಿಂಗಳಿಗೊಮ್ಮೆ ಅದೇ ಹೊತ್ತಿಗೆ, ಅದೇ ಕೈಯಲ್ಲಿ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಕಡಸು ಬೆಳೆಯುತ್ತಿದೆಯೋ ನಿಂತಿದೆಯೋ ಎಂಬುದು ಮೂರು ತಿಂಗಳಲ್ಲಿ ತಿಳಿಯುತ್ತದೆ. ಕಣ್ಣಂದಾಜಿಗೆ ಮೋಸ ಜಾಸ್ತಿ. ಹೊಟ್ಟೆ ಡುಬ್ಬವಾದ ಬಡಕಲು ಕರುವನ್ನು ಚೆನ್ನಾಗಿ ಮೇದ ಕರು ಎಂದು ತಿಳಿಯುವವರಿದ್ದಾರೆ.

ಇನ್ನು ತಿನ್ನಿಸುವ ವಿಷಯ. ದನ ದಿನಕ್ಕೆ ತನ್ನ ತೂಕದ ನೂರಕ್ಕೆ ಎರಡೂವರೆ ಮೂರು ಪಾಲು ಒಣಮೇವು ತಿನ್ನಬಲ್ಲದು. ಹಸಿಹುಲ್ಲಿನ ನೀರು ಕಳೆದು ಲೆಕ್ಕ ಹಾಕಬೇಕು. 150 ಕಿಲೋದ ಕಡಸಿಗೆ ಇದು ನಾಲ್ಕರಿಂದ ನಾಲ್ಕೂವರೆ ಕಿಲೋ. ಅಷ್ಟನ್ನೂ ಬರೀ ಭತ್ತದ ಹುಲ್ಲಿನಲ್ಲಿ ತುಂಬಿಸಲು ಹೋದರೆ ದನ ತಿನ್ನುವುದಿಲ್ಲ, ತಿಂದದ್ದೂ ಬೇಗ ಕರಗುವುದಿಲ್ಲ. ಹುಲ್ಲನ್ನು ಅರಗಿಸುವುದು ದನವಲ್ಲ, ಅದರ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು. ಅವಕ್ಕೆ ಸಸಾರಜನಕ ಬೇಕು. ಭತ್ತದ ಹುಲ್ಲಿನಲ್ಲಿರುವ ಪ್ರೋಟೀನು ನೂರಕ್ಕೆ ಮೂರು ನಾಲ್ಕು ಪಾಲು, ಅದು ಏತಕ್ಕೂ ಸಾಲದು. ಅಡಿಕೆ ಬೇಯಿಸುವ ಒಲೆಗೆ ದೊಡ್ಡ ಕುಂಟೆ ತುರುಕಿದರೆ ಆಗಲಿಲ್ಲ, ಹತ್ತಿಸಲು ಒಂದು ಹಿಡಿ ಒಣ ಸೋಗೆ ಬೇಕಲ್ಲವೇ? ಅರ್ಧ ಕಿಲೋ ಶೇಂಗಾಹಿಂಡಿ ಆ ಸೋಗೆಯ ಕೆಲಸ ಮಾಡುತ್ತದೆ. ಹಿಂಡಿ ತನ್ನ ಸತ್ವವನ್ನು ಕೊಡುವುದಲ್ಲದೆ ಹುಲ್ಲಿನ ಸತ್ವವನ್ನೂ ಬಿಡಿಸಿ ಕೊಡುತ್ತದೆ. ಆದ್ದರಿಂದಲೇ ಕರೆಯುವ ಹಸುವಿಗೆ ಆರು ಕಿಲೋ ಹಾಕುವ ಮನೆಯವರು ಅದರಲ್ಲಿ ಅರ್ಧ ಕಿಲೋ ತೆಗೆದು ಕಡಸಿಗೆ ಹಾಕಿದರೆ ಹಸುವಿನ ಹಾಲಿನಲ್ಲಿ ಕಾಣುವ ಇಳಿತಕ್ಕಿಂತ ಕಡಸಿನ ಮೈಯಲ್ಲಿ ಕಾಣುವ ಏರಿಕೆ ದೊಡ್ಡದು.

ಹುಲ್ಲಿನ ಮಾತು ಬಂದಿತು. ಒಂದು ಕಾಲದಲ್ಲಿ ಪ್ರತಿ ಮನೆಯ ಅಂಗಳದ ಆಚೆ ಹುಲ್ಲಿನ ಗೊಣಬೆ ಇತ್ತು. ಗದ್ದೆಗಳು ಒಂದೊಂದಾಗಿ ತೋಟವಾದವು. ಈಗ ಹುಲ್ಲು ಬಯಲುಸೀಮೆಯಿಂದ ಲಾರಿ ಏರಿ ಬರುತ್ತದೆ. ಅದೇ ವೇಳೆಗೆ ತೋಟದಲ್ಲಿ ಹಾಳೆ ಬೀಳುತ್ತಲೇ ಇದೆ. ಒಂಬತ್ತಡಿ ಅಂತರದಲ್ಲಿ ಎಕರೆಗೆ ಸುಮಾರು 550 ಮರ. ಮರಕ್ಕೆ ವರ್ಷಕ್ಕೆ ಆರು ಹಾಳೆ ಎಂದರೆ 3300. ಒಣಗಿದ ಹಾಳೆಯೊಂದು ಕಾಲು ಕಿಲೋ ತೂಗಿದರೂ ಎಕರೆಗೆ 800 ಕಿಲೋ ಮೀರುತ್ತದೆ. ಎಲ್ಲವನ್ನೂ ದನಕ್ಕೇ ಹಾಕಿ ಎನ್ನುತ್ತಿಲ್ಲ. ತಟ್ಟೆ ಮಾಡುವವರಿಗೆ ಕೊಟ್ಟು ಕಾಸು ಬರುವುದಾದರೆ ಕೊಡಿ, ಕೊನೆ ಕಟ್ಟಲು ಬೇಕಾದರೆ ಇಟ್ಟುಕೊಳ್ಳಿ. ಉಳಿದದ್ದನ್ನು ಒಣಗಿಸಿ ಕತ್ತರಿಸಿ ಮೇವಾಗಿ ಬಳಸಬಹುದು. ದಕ್ಷಿಣ ಕನ್ನಡದಲ್ಲೂ ನಮ್ಮಲ್ಲೂ ಹೀಗೆ ಹಾಕುವವರಿದ್ದಾರೆ. ಸತ್ವದಲ್ಲಿ ಹಾಳೆ ಭತ್ತದ ಹುಲ್ಲಿನ ಸಾಲಿಗೇ ಸೇರಿದ್ದು. ಹೊಟ್ಟೆ ತುಂಬಿಸುತ್ತದೆ, ಮೈ ಹಿಡಿಸಲು ಅದಕ್ಕೂ ಹಿಂಡಿಯ ಅಥವಾ ಸೊಪ್ಪಿನ ಜೊತೆ ಬೇಕು. ಇಡೀ ಹಾಳೆಯನ್ನು ದನ ಮುಟ್ಟುವುದಿಲ್ಲ, ಮುಟ್ಟಿದರೂ ಕಚ್ಚಿ ಎಳೆದು ತುಳಿಯುತ್ತದೆ. ಯಂತ್ರದಲ್ಲಿ ಸಣ್ಣಗೆ ಕತ್ತರಿಸಿ, ರಾತ್ರಿ ನೀರು ಚಿಮುಕಿಸಿ, ಬೆಳಿಗ್ಗೆ ಚೂರು ಉಪ್ಪೋ ಬೆಲ್ಲದ ನೀರೋ ಹಾಕಿ ಹುಲ್ಲಿನೊಂದಿಗೆ ಬೆರೆಸಿದರೆ ಒಂದು ವಾರದಲ್ಲಿ ಬಾಯಿಗೆ ಹತ್ತುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಕೊಳೆ ಔಷಧಿ ಹೊಡೆದ ಮಳೆಗಾಲದ ಹಾಳೆ ಬೇಡ, ಅದರಲ್ಲಿ ಮೈಲುತುತ್ತದ ಅಂಶ ಅಂಟಿರುತ್ತದೆ. ಎಲೆಚುಕ್ಕೆ ರೋಗಕ್ಕಾಗಿ ಈಚಿನ ವರ್ಷಗಳಲ್ಲಿ ನಮ್ಮಲ್ಲಿ ಹೊಡೆಯುತ್ತಿರುವ ಶಿಲೀಂಧ್ರನಾಶಕಗಳ ಮಾತೂ ಅದೇ. ನೆಲಕ್ಕೆ ಬಿದ್ದು ಮುಗ್ಗು ಹಿಡಿದ ಹಾಳೆಯಂತೂ ಗೊಬ್ಬರಗುಂಡಿಗೇ ಸರಿ. ಮಳೆ ನಿಂತು ತಿಂಗಳುಗಳು ಕಳೆದ ಮೇಲೆ, ಔಷಧಿ ಕಾಣದ ಸಾಲುಗಳಲ್ಲಿ ಒಣಗಿ ಬೀಳುವ ಹಾಳೆಯನ್ನು ಆಗಾಗ ಹೆಕ್ಕಿ ಅಟ್ಟದಲ್ಲಿಟ್ಟರೆ ಮಾತ್ರ ಮೇವು.

ಹುಲ್ಲನ್ನೇ ಬಲಪಡಿಸುವ ಇನ್ನೊಂದು ಉಪಾಯ ಬಹಳ ಹಳೆಯದು, ಆದರೂ ನಮ್ಮಲ್ಲಿ ಬಳಕೆಗೆ ಬಂದಿಲ್ಲ. ನೂರು ಕಿಲೋ ಒಣಹುಲ್ಲಿಗೆ ನಾಲ್ಕು ಕಿಲೋ ಯೂರಿಯ, 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಹುಲ್ಲನ್ನು ಪದರ ಪದರವಾಗಿ ಹಾಸಿ ಚಿಮುಕಿಸುತ್ತ ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ 21 ದಿನ ಬಿಡಬೇಕು. ಹುಲ್ಲಿನ ಪ್ರೋಟೀನು ಸುಮಾರು ಇಮ್ಮಡಿಯಾಗುತ್ತದೆ, ಹುಲ್ಲು ಮೆತ್ತಗಾಗುತ್ತದೆ. ತೆಗೆದ ಹುಲ್ಲನ್ನು ಒಂದು ಗಂಟೆ ಗಾಳಿಗೆ ಹರಡಿ, ಮೂಗಿಗೆ ಬಡಿಯುವ ವಾಸನೆ ಹೋದ ಮೇಲೆ ಹಾಕಬೇಕು. ಆರು ತಿಂಗಳೊಳಗಿನ ಕರುವಿಗೆ ಕೂಡದು. ಯೂರಿಯ ಕರಗಿಸಿದ ಬಕೆಟ್ಟಿಗೆ ದನ ಬಾಯಿ ಹಾಕಿದರೆ ಗಂಟೆಯೊಳಗೆ ಸಾಯಬಹುದು, ಆದ್ದರಿಂದ ಅಜಾಗರೂಕ ಮನೆಗಳಲ್ಲಿ ಈ ಕೆಲಸ ಮಾಡದಿರುವುದೇ ಕ್ಷೇಮ. ಹೊಸನಗರದ ಘಟ್ಟದಂಚಿನ ಮಳೆಯಲ್ಲಿ ಇದು ಆಗದ ಮಾತು. ಜನವರಿಯಿಂದ ಮೇ ತನಕ ಮಾಡಿಕೊಳ್ಳಬೇಕು.

ಹಸಿರು ಮೇವಿಗೆ ಎಕರೆಗಟ್ಟಲೆ ಜಾಗ ಬೇಕೆಂಬ ಭಾವನೆ ಬೇಡ. ಕೊಟ್ಟಿಗೆ ತೊಳೆದ ನೀರು ಹರಿಯುವ ಕಡೆ ಐದು ಗುಂಟೆ ಸಿ.ಒ. ತಳಿಯ ನೇಪಿಯರ್ ಹುಲ್ಲು ನೆಟ್ಟರೆ, ಎಕರೆಗೆ 60 ಟನ್ನಿನಂತೆ ಕೈ ಬಿಗಿ ಹಿಡಿದು ಲೆಕ್ಕ ಹಾಕಿದರೂ ದಿನಕ್ಕೆ 20 ಕಿಲೋ ಬರುತ್ತದೆ. ಇದು ಎರಡು ಕಡಸುಗಳ ಹಸಿಮೇವು. ನೆರಳಿರುವ ತೋಟದಂಚಿಗೆ ಗಿನಿ ಹುಲ್ಲು ಒಗ್ಗುತ್ತದೆ. ಕಾಫಿ ಗಿಡದ ನೆರಳಿಗೂ ಮೆಣಸಿನ ಬಳ್ಳಿಯ ಆಸರೆಗೂ ಇರುವ ಹಾಲವಾಣದ ಸೊಪ್ಪನ್ನು ಸವರಿದಾಗ ಅಲ್ಲೇ ಚೆಲ್ಲುವ ಬದಲು ಒಂದು ಹೊರೆ ಕೊಟ್ಟಿಗೆಗೆ ತನ್ನಿ. ದನ ಇಷ್ಟಪಟ್ಟು ತಿನ್ನುತ್ತದೆ. ಬೇಲಿಯ ಗ್ಲಿರಿಸಿಡಿಯ ಸೊಪ್ಪು ಇನ್ನೂ ಸತ್ವದ್ದು, ಒಣಗಿದ ಲೆಕ್ಕದಲ್ಲಿ ನೂರಕ್ಕೆ ಇಪ್ಪತ್ತರಷ್ಟು ಪ್ರೋಟೀನು. ವಾಸನೆಗೆ ದನ ಮೂಗು ತಿರುಗಿಸುತ್ತದೆ. ಅರ್ಧ ದಿನ ಬಾಡಿಸಿ, ಬೇರೆ ಹುಲ್ಲಿನ ನಡುವೆ ಸ್ವಲ್ಪ ಸ್ವಲ್ಪವಾಗಿ ರೂಢಿಸಬೇಕು. ಹೀಗೆ 150 ಕಿಲೋದ ಕಡಸಿಗೆ ದಿನಕ್ಕೆ ಎರಡು ಕಿಲೋ ಹುಲ್ಲು ಅಥವಾ ಹಾಳೆ, ಎಂಟು ಹತ್ತು ಕಿಲೋ ಹಸಿಹುಲ್ಲು, ಒಂದು ಕಿಲೋ ಹಿಂಡಿ. ಸೊಪ್ಪು ಎರಡು ಕಿಲೋ ಬಿದ್ದರೆ ಹಿಂಡಿಯಲ್ಲಿ ಕಾಲು ಭಾಗ ಹಿಡಿಯಬಹುದು.

ಕಾಫಿ ಸಿಪ್ಪೆಯನ್ನು ದನಕ್ಕೆ ಹಾಕಬಹುದೇ ಎಂದು ಕೇಳುವವರಿದ್ದಾರೆ. ಗ್ವಾಟೆಮಾಲದಲ್ಲಿ 1970ರ ದಶಕದಲ್ಲಿ ಇದನ್ನು ಬಹಳ ಪರೀಕ್ಷಿಸಿದರು. ಸಿಪ್ಪೆಯಲ್ಲಿರುವ ಕೆಫೀನು, ಒಗರುಗಳ ಕಾರಣ, ಅದರ ಪಾಲು ಹೆಚ್ಚಿದಂತೆ ದನ ತಿನ್ನುವುದೂ ಮೈ ಹಿಡಿಯುವುದೂ ತಗ್ಗಿತು. ಕಾಫಿ ಸಿಪ್ಪೆ ಗೊಬ್ಬರದ ಗುಂಡಿಗೇ ಇರಲಿ.

ಮೆಕ್ಕೆಜೋಳ, ಅಕ್ಕಿನುಚ್ಚು, ಅನ್ನ ಇವುಗಳಿಂದ ಬೇಗ ಮೈ ಬರುತ್ತದೆಂದು ಒಮ್ಮೆಲೇ ಸುರಿಯುವವರಿಗೂ ಒಂದು ಮಾತು. ಮದುವೆ ಮನೆಯಲ್ಲಿ ಉಳಿದ ಅನ್ನ ಪಾಯಸ ತಿಂದು ಮಾರನೆಯ ದಿನ ದನ ಬಿದ್ದ ಕಥೆ ನಿಮ್ಮ ಊರಲ್ಲೂ ಇರುತ್ತದೆ. ಅನ್ನ ಹೊಟ್ಟೆಯಲ್ಲಿ ಹುಳಿಯಾಗಿ ಆ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಅಮೆರಿಕದ ದೊಡ್ಡಿಯವರೂ ಕಾಳಿನ ಪಾಲನ್ನು ಎರಡು ಮೂರು ವಾರ ಹಿಡಿದು ಹಂತ ಹಂತವಾಗಿ ಏರಿಸುತ್ತಾರೆ. ಹೊಸ ಮೇವು ಯಾವುದಿದ್ದರೂ ಮುಷ್ಟಿಯಿಂದ ಆರಂಭಿಸಬೇಕು.

ನಮ್ಮ ಮಲೆನಾಡು ಗಿಡ್ಡದ ವಿಷಯ ಬೇರೆ. ಕರ್ನಾಲಿನ ರಾಷ್ಟ್ರೀಯ ಸಂಸ್ಥೆಯಲ್ಲಿ ತಳಿಯೆಂದು ನೋಂದಣಿಯಾಗಿರುವ ಈ ದನ ನೂರು ಕಿಲೋದ ಆಚೀಚೆ ತೂಗುತ್ತದೆ. ಎರಡೂವರೆ ಮೂರು ಕಿಲೋ ಒಣಮೇವಿನಲ್ಲಿ ಅದರ ಸಂಸಾರ ಸಾಗುತ್ತದೆ; ಜರ್ಸಿಗೆ ಬೇಕಾದದ್ದರಲ್ಲಿ ಮೂರರಲ್ಲೊಂದು ಪಾಲು. ಅದಕ್ಕೆ ಹಿಂಡಿ ಸುರಿದು ದೊಡ್ಡದು ಮಾಡುತ್ತೇನೆಂಬುದು ತೆಂಗಿನ ಗೊಬ್ಬರ ಹಾಕಿ ಅಡಿಕೆ ಮರವನ್ನು ತೆಂಗು ಮಾಡಹೊರಟಂತೆ. ಮೈಯಲ್ಲಿ ಕೊಬ್ಬು ತುಂಬಿ ಗಬ್ಬ ನಿಲ್ಲದಾದೀತು. ಒಂದು ಹಿಡಿ ಹಿಂಡಿ, ಉಪ್ಪು, ಸೊಪ್ಪು ಇಷ್ಟಕ್ಕೇ ಅದು ಮಿರುಗುತ್ತದೆ. ಈಗ ಗುಜರಾತಿನಿಂದ ಗಿರ್ ತರಿಸುವ ಚಾಳಿ ನಮ್ಮಲ್ಲೂ ಹಬ್ಬಿದೆ. ತರಿಸುವವರು ಆ ಮೈಗೆ ಬೇಕಾದ ಮೇವಿನ ಲೆಕ್ಕವನ್ನು ಮೊದಲೇ ಹಾಕಿಕೊಂಡರೆ ಒಳ್ಳೆಯದು.

ಬತ್ತಿದ ಗಬ್ಬದ ಹಸುವಿಗೆ ಕೊನೆಯ ಎರಡು ತಿಂಗಳು ದಿನಕ್ಕೆ ಒಂದೂವರೆ ಎರಡು ಕಿಲೋ ಹಿಂಡಿ ಬೇಕು. ಹೊಟ್ಟೆಯ ಕರು ಹೆಚ್ಚು ಬೆಳೆಯುವುದು ಆಗಲೇ, ಮುಂದಿನ ಕರಾವಿನ ಬುನಾದಿಯೂ ಆಗಲೇ. ಪಕ್ಕದಿಂದ ನೋಡಿದಾಗ ಕೊನೆಯ ಎರಡು ಮೂರು ಪಕ್ಕೆಲುಬು ತೆಳ್ಳಗೆ ಕಾಣುವಂತಿದ್ದರೆ ಹದವಾಯಿತು. ಎಲ್ಲವೂ ಎಣಿಸುವಂತಿದ್ದರೆ ಕಡಿಮೆ. ಒಂದೂ ಕಾಣದೆ ಬಾಲದ ಬುಡದಲ್ಲಿ ಕೊಬ್ಬಿನ ಗಂಟು ಕೈಗೆ ಸಿಕ್ಕಿದರೆ ಹೆಚ್ಚು, ಕರು ಹಾಕುವಾಗ ಕಷ್ಟ.

ಇಷ್ಟೆಲ್ಲ ಹಾಕಿಯೂ ಮೈ ಹಿಡಿಯದಿದ್ದರೆ ಹುಳುವನ್ನು ಸಂಶಯಿಸಿ. ಕೆಸರು ಗದ್ದೆ, ಹೊಂಡಗಳ ಅಂಚಿನಲ್ಲಿ ಮೇದ ದನಕ್ಕೆ ಬಸವನಹುಳುವಿನ ಮೂಲಕ ಈಲಿಯ ಜಂತು ಸೇರುತ್ತದೆ. ಗದ್ದದ ಕೆಳಗೆ ನೀರು ತುಂಬಿದ ಬಾವು ಅದರ ಒಂದು ಗುರುತು. ಸಾಮಾನ್ಯ ಹುಳುವಿನ ಔಷಧಿಗಳೆಲ್ಲ ಅದಕ್ಕೆ ನಾಟುವುದಿಲ್ಲ. ಸಗಣಿ ಪರೀಕ್ಷೆ ಮಾಡಿಸಿ, ಪಶು ಆಸ್ಪತ್ರೆಯಲ್ಲಿ ಕೇಳಿ ಕೊಡಿಸಿ. ನಮ್ಮದು ಮಳೆಗೆ ತೊಳೆದುಹೋದ ಮಣ್ಣು, ಇಲ್ಲಿ ಬೆಳೆದ ಹುಲ್ಲಿನಲ್ಲೂ ಲವಣ ಕಡಿಮೆ. ದನ ಎಲುಬು, ಬಟ್ಟೆ, ಮಣ್ಣು ಮೆಲ್ಲುವುದು ಚೇಷ್ಟೆಗಲ್ಲ. ದೊಡ್ಡ ದನಕ್ಕೆ ದಿನಕ್ಕೆ 30ರಿಂದ 50 ಗ್ರಾಂ ಖನಿಜ ಮಿಶ್ರಣ ಬೇಕು, ಗಿಡ್ಡಕ್ಕೆ ಅದರ ಅರ್ಧ ಸಾಕು.

"ಇದೆಲ್ಲ ಏಕೆ, ಕಾಡಿಗೆ ಅಟ್ಟಿದರೆ ತಾನೇ ಮೇದು ಬರುತ್ತದೆ" ಎಂಬ ವಾದಕ್ಕೆ ಎರಡು ಉತ್ತರಗಳಿವೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ 2018ರ ಕೊನೆಯಿಂದ 2019ರವರೆಗೆ ಸಾಗರ ತಾಲೂಕಿನ ಅರಳಗೋಡಿನಲ್ಲಿ ಎಷ್ಟು ಮನೆಗಳನ್ನು ಅಳಿಸಿತೆಂಬುದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಯಿಲೆ ದನಕ್ಕೆ ಬಾರದು. ಆದರೆ ಕಾಡಿನ ಬಲಿತ ಉಣುಗು ಹೊಟ್ಟೆತುಂಬ ರಕ್ತ ಹೀರುವುದು ದನದ ಮೈಯಲ್ಲಿ. ಅಲ್ಲಿಂದ ಉದುರಿ ಮೊಟ್ಟೆಯಿಟ್ಟು ಸಾವಿರಗಟ್ಟಲೆ ಹೆಚ್ಚುತ್ತದೆ. ಮೇಯುವ ದನ ಹೆಚ್ಚಿದಲ್ಲಿ ಉಣುಗೂ ಹೆಚ್ಚು. ಕಾಯಿಲೆಯ ಕಾಲವಾದ ಡಿಸೆಂಬರಿನಿಂದ ಮೇ ತನಕವಾದರೂ ಕೊಟ್ಟಿಗೆಯಲ್ಲೇ ಕಟ್ಟಿ ಹಾಕಿದರೆ ದನ ಕಾಯುವವರ ಜೀವಕ್ಕೂ ಒಳ್ಳೆಯದು. ಹಾಳೆ ಬೀಳುವುದೂ ಹುಲ್ಲು ಸಿಗುವುದೂ ಅದೇ ತಿಂಗಳುಗಳಲ್ಲಿ.

ಎರಡನೆಯದು ಸಗಣಿ. ಅಡಿಕೆ ಮರಕ್ಕೆ ವರ್ಷಕ್ಕೆ 12 ಕಿಲೋ ಕೊಟ್ಟಿಗೆ ಗೊಬ್ಬರವೆಂದು ಶಿಫಾರಸು. ಎಕರೆಗೆ ಆರೂವರೆ ಟನ್ ದಾಟುತ್ತದೆ. 300 ಕಿಲೋದ ದನ ಒಂದು ದಿನಕ್ಕೆ ಸುಮಾರು 15 ಕಿಲೋ ಸಗಣಿ ಹಾಕುತ್ತದೆ, ವರ್ಷಕ್ಕೆ ಐದೂವರೆ ಟನ್ ಹಸಿ ಸಗಣಿ. ಹಗಲಿಡೀ ಬ್ಯಾಣದಲ್ಲಿ, ಕಾಡಿನಲ್ಲಿ ತಿರುಗುವ ದನ ಅದರಲ್ಲಿ ಅರ್ಧವನ್ನು ಅಲ್ಲೇ ಬಿಟ್ಟು ಬರುತ್ತದೆ. ಬತ್ತಿದ ದನವೂ ಹೋರಿಯೂ ಹಾಲು ಕೊಡದಿರಬಹುದು, ಸಗಣಿಯನ್ನಂತೂ ಕೊಡುತ್ತವೆ. ಹೊರಗಿನಿಂದ ಲೋಡುಗಟ್ಟಲೆ ಗೊಬ್ಬರ ತರಿಸುತ್ತ ಮನೆಯ ಹೋರಿಗರುವನ್ನು ಪೇಟೆಯ ಬೀದಿಗೆ ಬಿಟ್ಟು ಬರುವವರ ಲೆಕ್ಕ ನನಗೆ ಅರ್ಥವಾಗಿಲ್ಲ. ಹೋರಿಗರು ಬೇಡವೇ ಬೇಡ ಎನ್ನುವವರು ಹೆಣ್ಣುಗರುವೇ ಹೆಚ್ಚಾಗಿ ಹುಟ್ಟುವ ವೀರ್ಯದ ಕಡ್ಡಿಗೆ ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಆಳಿನ ತೊಂದರೆಯನ್ನು ನಾನು ಅಲ್ಲಗಳೆಯುವುದಿಲ್ಲ. ಅಡಿಕೆ ಕೊಯ್ಲು, ಕಾಫಿ ಕೊಯ್ಲು ಎರಡೂ ಒಟ್ಟಿಗೆ ಬೀಳುವ ಕಾಲದಲ್ಲಿ ಹಾಳೆ ಹೆಕ್ಕಿ ಕತ್ತರಿಸುವವರು ಯಾರು? ಕತ್ತಿಯಲ್ಲಿ ಕೊಚ್ಚುವುದಾದರೆ ಯಾರೂ ಮಾಡರು. ಆದ್ದರಿಂದ ಹಿಂಡಿ ಚೀಲವನ್ನು ಮಾತ್ರ ಮಾರುವ ನಮ್ಮ ಸಂಘಗಳು, ಕರೆಂಟಿನಲ್ಲಿ ಓಡುವ ಮೇವು ಕತ್ತರಿಸುವ ಯಂತ್ರವೊಂದನ್ನು ಐದಾರು ಮನೆಗಳ ಗುಂಪಿಗೆ ಬಾಡಿಗೆಯ ಮೇಲೆ ಕೊಡುವ ಏರ್ಪಾಡು ಮಾಡಬೇಕೆಂದು ಬರುವ ಮಹಾಸಭೆಯಲ್ಲಿ ಕೇಳಬೇಕೆಂದಿದ್ದೇನೆ. ಬ್ಲೇಡು ಹರಿತ ಮಾಡಿಸುವ ಖರ್ಚು ಗುಂಪಿನದು, ಮೋಟಾರು ಸುಟ್ಟರೆ ಸಂಘದ್ದು ಎಂದಿಟ್ಟುಕೊಳ್ಳಬಹುದು. ಯಂತ್ರದ ಬಾಯಿಗೆ ಕೈ ಹೋಗದಂತೆ ಉದ್ದದ ತಗಡಿನ ದೋಣಿ ಇರುವುದನ್ನೇ ತರಿಸಬೇಕು. ಹಾಳೆ ಗಟ್ಟಿಯಾದ್ದರಿಂದ ಎರಡು ಅಶ್ವಶಕ್ತಿಗಿಂತ ಕಡಿಮೆಯದನ್ನು ತಂದು ಪ್ರಯೋಜನವಿಲ್ಲ.